ಅಮೆರಿಕದಲ್ಲಿ ಸ್ವಂತ ಉದ್ಯಮ: ಮಹಿಳೆಯರು, ಅಲ್ಪಸಂಖ್ಯಾತ ಸಮುದಾಯದವರು ಬಂಡವಾಳಕ್ಕೆ ಎಲ್ಲಿ ಹೋಗಬೇಕು, ಯಾವ ಕ್ರಮದಲ್ಲಿ ಹೋಗಬೇಕು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹೆಣ್ಣುಮಕ್ಕಳು ಸ್ವಂತ ಉದ್ಯಮದ ಮಾತೆತ್ತಿದಾಗ ಮೊದಲು ಬರುವ ಪ್ರಶ್ನೆ ಇದು: "ಮಹಿಳೆಯರಿಗೆ, ಮೈನಾರಿಟಿಯವರಿಗೆ ಸರ್ಕಾರ ಪುಕ್ಕಟೆ ಹಣ ಕೊಡುತ್ತದಂತಲ್ಲ, ಅರ್ಜಿ ಎಲ್ಲಿ ಹಾಕಬೇಕು?" ನೇರವಾಗಿ ಹೇಳಿಬಿಡುತ್ತೇನೆ. ಅಂಥ ಅರ್ಜಿ ಇಲ್ಲ. ಸಣ್ಣ ಉದ್ಯಮಗಳಿಗೆಂದೇ ಇರುವ ಫೆಡರಲ್ ಸಂಸ್ಥೆ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಅಂದರೆ ಎಸ್‌ಬಿಎ. 1953ರಿಂದ ಕೆಲಸ ಮಾಡುತ್ತಿದೆ. ಅಂಗಡಿ ತೆರೆಯಲು, ವ್ಯಾಪಾರ ಬೆಳೆಸಲು ಅದು ಗ್ರಾಂಟ್ ಕೊಡುವುದಿಲ್ಲ.

ಹಾಗಂತ ಬರಿಗೈಯಲ್ಲಿ ವಾಪಸ್ ಬರಬೇಕಾಗಿಲ್ಲ. ಸಣ್ಣ ಮೊತ್ತದ ಸಾಲ ಕೊಡುವ ಲಾಭರಹಿತ ಸಂಸ್ಥೆಗಳಿವೆ. ಬ್ಯಾಂಕ್ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇದೆ. ಫೀಸಿಲ್ಲದೆ ಕೂತು ಲೆಕ್ಕ ತಿದ್ದಿಕೊಡುವ ಸಲಹೆಗಾರರಿದ್ದಾರೆ. ಸರ್ಕಾರದ ಮತ್ತು ದೊಡ್ಡ ಕಂಪನಿಗಳ ಗುತ್ತಿಗೆಯಲ್ಲಿ ಪಾಲು ಪಡೆಯುವ ದಾರಿ ಇದೆ. ಎಡವಟ್ಟಾಗುವುದು ಕ್ರಮದಲ್ಲಿ. ಹೆಚ್ಚಿನವರು ಮೊದಲು ಗ್ರಾಂಟ್ ಹುಡುಕುತ್ತಾರೆ, ಆಮೇಲೆ ದೊಡ್ಡ ಬ್ಯಾಂಕಿಗೆ ಹೋಗುತ್ತಾರೆ, ಅಲ್ಲಿ ಇಲ್ಲ ಅನ್ನಿಸಿಕೊಂಡ ಮೇಲೆ ಇಂಟರ್ನೆಟ್ಟಿನಲ್ಲಿ ಒಂದೇ ದಿನದಲ್ಲಿ ಹಣ ಕೊಡುವವರ ಕೈಗೆ ಸಿಕ್ಕಿಕೊಳ್ಳುತ್ತಾರೆ. ಇದನ್ನು ತಿರುವಿ ಹಾಕಬೇಕು. ಸಲಹೆಗಾರರು ಮೊದಲು, ಸಣ್ಣ ಸಾಲ ಆಮೇಲೆ, ಬ್ಯಾಂಕ್ ಅದರ ನಂತರ. ಗ್ರಾಂಟ್ ಪಕ್ಕದಲ್ಲಿ ನಡೆಯುತ್ತಿರಲಿ.

ಮೊದಲ ಹೆಜ್ಜೆ: ವೀಸಾ, ಪಾಲು, ಹೆಸರು

ಹಣದ ಮಾತಿಗೆ ಮುಂಚೆ ನಿಮ್ಮ ವಲಸೆ ಸ್ಥಿತಿ ನೋಡಿಕೊಳ್ಳಿ. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳಬಹುದು. ಆದರೆ ತಮ್ಮದೇ ಕಂಪನಿಗಾದರೂ ಪ್ರತ್ಯೇಕ ಅನುಮತಿಯಿಲ್ಲದೆ ಕೆಲಸ ಮಾಡುವಂತಿಲ್ಲ. ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾ ಜೊತೆ ಇಎಡಿ, ಅಂದರೆ ಕೆಲಸದ ಪರವಾನಗಿ, ಇದ್ದರೆ ಸ್ವಂತ ಉದ್ಯಮ ನಡೆಸಬಹುದು. ಐದು ವರ್ಷದ ಸಾಲ ಕೇಳುವಾಗ ಇಎಡಿ ಅವಧಿ ಯಾವಾಗ ಮುಗಿಯುತ್ತದೆ ಎಂದು ಎದುರಿನವರು ಕೇಳಿದರೆ ಉತ್ತರ ಸಿದ್ಧವಿರಲಿ. ಇಲ್ಲಿ ಸಂಶಯವಿದ್ದರೆ ಒಂದು ಗಂಟೆಯ ಫೀಸು ಕೊಟ್ಟು ವಲಸೆ ವಕೀಲರನ್ನೇ ಕೇಳಿ. ಸ್ನೇಹಿತರ ವಾಟ್ಸಾಪ್ ಗುಂಪಿನ ಮಾತು ಸಾಲದು.

ಇನ್ನೊಂದು ವಿಷಯ ತುಂಬಾ ಜನರಿಗೆ ತಿಳಿದಿಲ್ಲ. ಎಸ್‌ಬಿಎ ಗ್ಯಾರಂಟಿಯ ಸಾಲಕ್ಕೆ ಮೊದಲು ಕಂಪನಿಯ ಶೇಕಡಾ 51ರಷ್ಟು ಪಾಲು ಪೌರತ್ವ-ವಲಸೆ ಸ್ಥಿತಿಯ ದೃಷ್ಟಿಯಿಂದ ಅರ್ಹರಾದವರ ಕೈಯಲ್ಲಿದ್ದರೆ ಸಾಕಿತ್ತು. 2025ರಲ್ಲಿ ಅದು ಶೇಕಡಾ 100 ಆಯಿತು. ಅಂದರೆ ಅರ್ಹತೆಯಿಲ್ಲದ ಒಬ್ಬರ ಹೆಸರಿನಲ್ಲಿ ಚಿಕ್ಕ ಪಾಲಿದ್ದರೂ ಅರ್ಜಿ ಬಿದ್ದುಹೋಗುತ್ತದೆ. ಈ ನಿಯಮ ಬಿಗಿಯಾಗುತ್ತಲೇ ಇದೆ. ಹಾಗಾಗಿ ಪೌರತ್ವ ಇನ್ನೂ ಸಿಗದವರು, ಗ್ರೀನ್ ಕಾರ್ಡ್ ಇರುವವರು ಕೂಡ, ಅರ್ಜಿ ತುಂಬುವ ಮೊದಲು ಇವತ್ತಿನ ನಿಯಮ ಏನೆಂದು ಸಾಲ ಕೊಡುವವರಿಂದ ತಿಳಿದುಕೊಳ್ಳಿ. ಊರಿನಲ್ಲಿರುವ ಅಣ್ಣನಿಗೋ ಮಾವನಿಗೋ ಪ್ರೀತಿಯಿಂದ ಐದು ಶೇಕಡಾ ಪಾಲು ಕೊಡುವ ಯೋಚನೆಯಿದ್ದರೆ ಅದನ್ನೂ ಈ ಲೆಕ್ಕದಲ್ಲಿ ನೋಡಿ.

ಎರಡನೆಯದು: ಮನೆಯ ದುಡ್ಡು, ಉದ್ಯಮದ ದುಡ್ಡು ಬೇರೆ ಮಾಡಿ

ಎಲ್‌ಎಲ್‌ಸಿ, ಅಂದರೆ ಉದ್ಯಮದ ಸಾಲಕ್ಕೆ ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ, ಮಾಡಿಕೊಂಡರೆ ಒಳ್ಳೆಯದು. ಅದಕ್ಕಿಂತ ಮುಖ್ಯ ಪ್ರತ್ಯೇಕ ಬ್ಯಾಂಕ್ ಖಾತೆ. ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಉದ್ಯಮದ ಗುರುತಿನ ಸಂಖ್ಯೆ, ಇಐಎನ್, ಪುಕ್ಕಟೆ. ಅದನ್ನು ಕೊಡಿಸುತ್ತೇವೆ ಎಂದು ದುಡ್ಡು ಕೇಳುವ ವೆಬ್‌ಸೈಟುಗಳಿವೆ, ಸರ್ಕಾರದ್ದೇ ಅನ್ನಿಸುವಂತೆ ಕಾಣುತ್ತವೆ. ಐಆರ್‌ಎಸ್ ವೆಬ್‌ಸೈಟಿಗೇ ಹೋಗಿ.

ಮನೆಯಿಂದ ಅಡುಗೆ ಆರ್ಡರ್ ತೆಗೆದುಕೊಳ್ಳುವವರು, ಹೊಲಿಗೆ, ಮಕ್ಕಳ ಡೇಕೇರ್, ಸಂಗೀತ-ನೃತ್ಯದ ಪಾಠ ನಡೆಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದುಡ್ಡು ಬರುವುದು ಝೆಲ್‌ನಲ್ಲಿ, ವೆನ್ಮೋದಲ್ಲಿ, ಒಂದಿಷ್ಟು ನಗದಾಗಿ. ಅದು ಮನೆಯ ಖಾತೆಗೇ ಸೇರುತ್ತದೆ. ದಿನಸಿ, ಮಕ್ಕಳ ಫೀಸು ಎಲ್ಲ ಅದರಿಂದಲೇ ಹೋಗುತ್ತದೆ. ವರ್ಷಗಟ್ಟಲೆ ದುಡಿದಿದ್ದರೂ ಕಾಗದದ ಮೇಲೆ ಉದ್ಯಮವೇ ಇಲ್ಲ. ಸಾಲ ಕೊಡುವವರು ಎರಡು ಮೂರು ವರ್ಷದ ತೆರಿಗೆ ರಿಟರ್ನ್, ಇತ್ತೀಚಿನ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅಲ್ಲಿ ಕಂಡದ್ದೇ ಅವರಿಗೆ ಸತ್ಯ.

ತೆರಿಗೆ ಉಳಿಸಲು, ಸ್ವಂತ ಉದ್ಯಮದ ಲಾಭ-ನಷ್ಟ ತೋರಿಸುವ ತೆರಿಗೆ ಫಾರ್ಮ್ ಆದ ಸ್ಕೆಡ್ಯೂಲ್ ಸಿ ಯಲ್ಲಿ ಖರ್ಚು ಜಾಸ್ತಿ ತೋರಿಸಿ ಲಾಭವನ್ನು ಸೊನ್ನೆಗೆ ಇಳಿಸುವ ಅಭ್ಯಾಸವೂ ಇದೆ. ನಿಜವಾಗಿ ಆದ ಖರ್ಚನ್ನು ತೋರಿಸುವುದು ಸರಿಯೇ. ಆದರೆ ಲಾಭವೇ ಇಲ್ಲದ ಉದ್ಯಮ ಸಾಲ ತೀರಿಸುವುದು ಹೇಗೆ ಎಂದು ಬ್ಯಾಂಕಿನವರು ಕೇಳುವುದೂ ಸರಿಯೇ. ಮುಂದಿನ ವರ್ಷ ಸಾಲ ಕೇಳುವ ಯೋಚನೆ ಇದ್ದರೆ ಈ ವರ್ಷದ ರಿಟರ್ನ್ ತುಂಬುವ ಮುಂಚೆಯೇ ಅಕೌಂಟೆಂಟ್‌ಗೆ ಹೇಳಿಡಿ.

ಕ್ರೆಡಿಟ್ ಹಿಸ್ಟರಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಮನೆ ಸಾಲ, ಕಾರಿನ ಸಾಲ, ಕಾರ್ಡು ಎಲ್ಲ ಗಂಡನ ಹೆಸರಿನಲ್ಲಿ. ಹೆಂಡತಿ ಹತ್ತು ವರ್ಷ ಮನೆಯ ಹಣಕಾಸು ನೋಡಿಕೊಂಡಿದ್ದರೂ ಅವಳ ಹೆಸರಿನಲ್ಲಿ ಏನೂ ಇಲ್ಲ. ಉದ್ಯಮ ಶುರು ಮಾಡುವುದು ಇನ್ನೂ ದೂರವಿದ್ದರೂ ಇವತ್ತೇ ನಿಮ್ಮ ಹೆಸರಿನಲ್ಲಿ ಒಂದು ಕಾರ್ಡ್ ತೆಗೆದುಕೊಂಡು, ಪ್ರತಿ ತಿಂಗಳು ಪೂರ್ತಿ ಕಟ್ಟಿ. ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕಡೆಯ ವರದಿಯನ್ನು ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ನೋಡಬಹುದು. ತಪ್ಪಿದ್ದರೆ ಸಾಲಕ್ಕೆ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ. ನಮ್ಮ ಹೆಸರುಗಳಲ್ಲಿ ಇನಿಷಿಯಲ್, ಅಪ್ಪನ ಹೆಸರು, ಗಂಡನ ಹೆಸರು ಅದಲುಬದಲಾಗುವುದು ಸಾಮಾನ್ಯ, ಅಲ್ವಾ?

ಮೂರನೆಯದು: ಫೀಸಿಲ್ಲದ ಸಲಹೆಗಾರರ ಹತ್ತಿರ ಹೋಗಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ ಅನ್ನುತ್ತೇನೆ. ಎಸ್‌ಬಿಎ ನೆರವಿನಿಂದ ನಡೆಯುವ ಮೂರು ಬಗೆಯ ಕೇಂದ್ರಗಳಿವೆ. ಸ್ಮಾಲ್ ಬಿಸಿನೆಸ್ ಡೆವಲಪ್‌ಮೆಂಟ್ ಸೆಂಟರ್‌ಗಳು ಹೆಚ್ಚಾಗಿ ವಿಶ್ವವಿದ್ಯಾಲಯ, ಕಮ್ಯುನಿಟಿ ಕಾಲೇಜುಗಳಲ್ಲಿವೆ. ಅಲ್ಲಿಯ ಸಲಹೆಗಾರರು ಲೆಕ್ಕಪತ್ರ, ಮುಂದಿನ ಆದಾಯದ ಅಂದಾಜು, ಸಾಲದ ಅರ್ಜಿ ಇವೆಲ್ಲಕ್ಕೂ ಕೈಜೋಡಿಸುತ್ತಾರೆ. ಸ್ಕೋರ್ 1964ರಲ್ಲಿ ಶುರುವಾದದ್ದು. ಸ್ವತಃ ಉದ್ಯಮ ನಡೆಸಿದವರು, ಬ್ಯಾಂಕಿನಲ್ಲಿ, ಕಂಪನಿಗಳಲ್ಲಿ ಕೆಲಸ ಮಾಡಿದವರು ಅದರಲ್ಲಿ ಸ್ವಯಂಸೇವಕರಾಗಿ ಮಾರ್ಗದರ್ಶನ ಮಾಡುತ್ತಾರೆ. ವೀಡಿಯೋ ಕರೆಯಲ್ಲೂ ಸಿಗುತ್ತಾರೆ.

ಮೂರನೆಯದು ವಿಮೆನ್ಸ್ ಬಿಸಿನೆಸ್ ಸೆಂಟರ್. ಇವುಗಳ ಬೇರು 1988ರ ವಿಮೆನ್ಸ್ ಬಿಸಿನೆಸ್ ಓನರ್‌ಶಿಪ್ ಕಾನೂನಿನಲ್ಲಿದೆ. ಅದಕ್ಕೂ ಮುಂಚೆ ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಣ್ಣುಮಗಳೊಬ್ಬಳು ಉದ್ಯಮಕ್ಕೆ ಸಾಲ ಕೇಳಿದರೆ ಮನೆಯ ಗಂಡಸಿನ ಸಹಿ ಬೇಕೆನ್ನುವ ಕಾನೂನುಗಳಿದ್ದವು. ಅಷ್ಟು ಹತ್ತಿರದ ಚರಿತ್ರೆ ಇದು. ಈ ಕೇಂದ್ರಗಳಲ್ಲಿ ತರಬೇತಿಯ ಜೊತೆಗೆ ನಿಮ್ಮ ಊರಿನಲ್ಲಿ ನಿಜವಾಗಿ ಯಾರು ಸಾಲ ಕೊಡುತ್ತಿದ್ದಾರೆ ಎನ್ನುವ ಮಾಹಿತಿ ಸಿಗುತ್ತದೆ. ಅದು ಯಾವ ವೆಬ್‌ಸೈಟಿನಲ್ಲೂ ಸಿಗದ ಮಾಹಿತಿ. ಕೇಂದ್ರಗಳ ಅನುದಾನ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ನೋಡಿ.

ಅಲ್ಲಿಗೆ ಹೋಗುವಾಗ "ಎಷ್ಟು ಸಾಲ ಸಿಗುತ್ತೆ?" ಎಂದು ಕೇಳಬೇಡಿ. "ನನಗೆ ಇಂತಿಷ್ಟು ಬೇಕು, ಇದಕ್ಕಾಗಿ ಬೇಕು" ಎಂದು ಹೇಳಿ. ಓವನ್‌ಗೆ ಇಷ್ಟು, ಅಂಗಡಿಯ ಮುಂಗಡಕ್ಕೆ ಇಷ್ಟು, ಮೊದಲ ಕೆಲವು ತಿಂಗಳ ಬಾಡಿಗೆ-ಸಂಬಳಕ್ಕೆ ಇಷ್ಟು, ಹೀಗೆ ಬಿಡಿಸಿ ಬರೆಯಿರಿ. ಬ್ಯಾಂಕುಗಳು ಸಾಮಾನ್ಯವಾಗಿ ನೋಡುವ ಒಂದು ಅನುಪಾತವಿದೆ. ಸಾಲದ ಕಂತು ತಿಂಗಳಿಗೆ 800 ಡಾಲರ್ ಆದರೆ, ಉಳಿದೆಲ್ಲ ಖರ್ಚು ಕಳೆದು ಕೈಯಲ್ಲಿ ಕನಿಷ್ಠ 1,000 ಡಾಲರ್ ಉಳಿಯಬೇಕು. ಅಂದರೆ ಕಂತಿನ 1.25 ಪಟ್ಟು. ಈ ಲೆಕ್ಕವನ್ನು ನೀವೇ ಮಾಡಿಕೊಂಡು ಹೋದರೆ ಎದುರಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ನಾಲ್ಕನೆಯದು: ಸಣ್ಣ ಸಾಲದಿಂದ ಶುರು ಮಾಡಿ

ಮೊದಲ ಸಾಲಕ್ಕೆ ದೊಡ್ಡ ಬ್ಯಾಂಕ್ ಸರಿಯಾದ ಜಾಗವಲ್ಲ. ಹೊಸ ಉದ್ಯಮ, ಸಣ್ಣ ಮೊತ್ತ, ಚಿಕ್ಕ ಕ್ರೆಡಿಟ್ ಹಿಸ್ಟರಿ, ಈ ಮೂರೂ ಅವರಿಗೆ ಒಗ್ಗುವುದಿಲ್ಲ. 15,000 ಡಾಲರ್ ಸಾಲಕ್ಕೂ ಮೂರು ಲಕ್ಷ ಡಾಲರ್ ಸಾಲಕ್ಕೂ ಕಾಗದಪತ್ರದ ಕೆಲಸ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸಣ್ಣದರಲ್ಲಿ ಅವರಿಗೆ ಆಸಕ್ತಿ ಕಡಿಮೆ.

ಈ ಜಾಗ ತುಂಬಲು ಇರುವವೇ ಸಿಡಿಎಫ್‌ಐಗಳು. ಪೂರ್ತಿ ಹೆಸರು ಕಮ್ಯುನಿಟಿ ಡೆವಲಪ್‌ಮೆಂಟ್ ಫೈನಾನ್ಷಿಯಲ್ ಇನ್‌ಸ್ಟಿಟ್ಯೂಷನ್. 1994ರ ಕಾನೂನಿನ ಪ್ರಕಾರ ಟ್ರೆಷರಿ ಇಲಾಖೆ ಇವುಗಳಿಗೆ ಮಾನ್ಯತೆ ಕೊಡುತ್ತದೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಕೆಲವು ಬ್ಯಾಂಕ್, ಕೆಲವು ಕ್ರೆಡಿಟ್ ಯೂನಿಯನ್, ಬಹಳಷ್ಟು ಲಾಭರಹಿತ ಸಾಲ ನಿಧಿಗಳು. ಬ್ಯಾಂಕ್ ಬಾಗಿಲು ಮುಚ್ಚಿದವರಿಗೆ ಸಾಲ ಕೊಡುವುದೇ ಇವುಗಳ ಉದ್ದೇಶ. ಅಕ್ಸಿಯಾನ್ ಆಪರ್ಚುನಿಟಿ ಫಂಡ್, ಟೆಕ್ಸಾಸ್ ಕಡೆಯ ಲಿಫ್ಟ್‌ಫಂಡ್ ಈ ಬಗೆಯವು. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದೆ, ತೆರಿಗೆ ಕಟ್ಟಲೆಂದು ಐಆರ್‌ಎಸ್ ಕೊಡುವ ಐಟಿಐಎನ್ ಸಂಖ್ಯೆ ಮಾತ್ರ ಇರುವವರಿಗೂ ಸಾಲ ಕೊಡುವ ಸಿಡಿಎಫ್‌ಐಗಳಿವೆ. ಬಡ್ಡಿ ಬ್ಯಾಂಕಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ನಿಮ್ಮ ಅರ್ಜಿಯನ್ನು ಮನುಷ್ಯರೊಬ್ಬರು ಓದುತ್ತಾರೆ, ಕೊರತೆ ಇದ್ದರೆ ಏನು ಸರಿಮಾಡಬೇಕು ಎಂದು ಹೇಳುತ್ತಾರೆ. ಮೊದಲ ಸಾಲಕ್ಕೆ ಇದರ ಬೆಲೆ ದೊಡ್ಡದು.

ಎಸ್‌ಬಿಎ ಮೈಕ್ರೋಲೋನ್ ಕೂಡ ಇಂಥ ಲಾಭರಹಿತ ಸಂಸ್ಥೆಗಳ ಮೂಲಕವೇ ಬರುತ್ತದೆ. ಗರಿಷ್ಠ 50,000 ಡಾಲರ್. ಸರಾಸರಿ ಸಾಲ ಸುಮಾರು 13,000. ಏಳು ವರ್ಷದೊಳಗೆ ತೀರಿಸಬೇಕು. ಬಡ್ಡಿ ಸಾಮಾನ್ಯವಾಗಿ 8ರಿಂದ 13 ಶೇಕಡಾ. ಸರಕು, ಯಂತ್ರ, ಪೀಠೋಪಕರಣ, ದಿನದ ಖರ್ಚಿಗೆ ಬಳಸಬಹುದು. ಹಳೆಯ ಸಾಲ ತೀರಿಸಲು, ಜಾಗ ಕೊಳ್ಳಲು ಆಗುವುದಿಲ್ಲ.

ಬಡ್ಡಿಯೇ ಇಲ್ಲದ ಸಾಲವೂ ಇದೆ. ಕೀವಾ ಸಂಸ್ಥೆ ಅಮೆರಿಕದ ಸಣ್ಣ ಉದ್ಯಮಗಳಿಗೆ 15,000 ಡಾಲರ್ ತನಕ ಶೂನ್ಯ ಬಡ್ಡಿಗೆ ಸಾಲ ಕೊಡಿಸುತ್ತದೆ. ಹಣ ಬರುವುದು ಜನರಿಂದ, 25 ಡಾಲರ್‌ನಂಥ ಚಿಕ್ಕ ಮೊತ್ತಗಳಾಗಿ. ಇಷ್ಟೇ ಕ್ರೆಡಿಟ್ ಸ್ಕೋರ್ ಇರಬೇಕೆಂಬ ನಿಯಮವಿಲ್ಲ. ಆದರೆ ಮೊದಲು ನಿಮ್ಮ ಪರಿಚಯದವರಲ್ಲೇ ಕೆಲವರು ಸಾಲ ಕೊಟ್ಟು ನಿಮ್ಮ ಮೇಲಿನ ನಂಬಿಕೆ ತೋರಿಸಬೇಕು. ಕನ್ನಡ ಕೂಟ, ಮಕ್ಕಳ ಶಾಲೆ, ಗ್ರಾಹಕರು ಹೀಗೆ ಒಂದು ಬಳಗ ಇರುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಹತ್ತಿರದವರ ಮುಂದೆ ದುಡ್ಡಿನ ಮಾತಾಡಲು ನಮಗೆ ಸಂಕೋಚ ಜಾಸ್ತಿ. ಆದರೆ ಇಲ್ಲಿ ಕೇಳುತ್ತಿರುವುದು ದಾನವಲ್ಲ, ವಾಪಸ್ ಕೊಡುವ ಸಾಲ.

ಕಡಿಮೆ ಆದಾಯದ ಮಹಿಳೆಯರಿಗೆ ಗ್ರಾಮೀಣ್ ಅಮೆರಿಕಾ ಇದೆ. 2008ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಐದು ಮಹಿಳೆಯರ ಗುಂಪು ಮಾಡಿಕೊಂಡು ಸಣ್ಣ ಮೊತ್ತದಿಂದ ಆರಂಭಿಸಬೇಕು, ತೀರಿಸಿದಂತೆ ಮೊತ್ತ ಹೆಚ್ಚುತ್ತದೆ. ನಮ್ಮೂರಿನ ಸ್ವಸಹಾಯ ಸಂಘ ನೋಡಿದವರಿಗೆ ಈ ಪದ್ಧತಿ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ನಡೆಸುವ ಲೆಂಡಿಂಗ್ ಸರ್ಕಲ್ ಅಂತೂ ನಮ್ಮ ಚೀಟಿಯೇ. ಎಲ್ಲರೂ ತಿಂಗಳಿಗಿಷ್ಟು ಹಾಕುತ್ತಾರೆ, ಸರದಿಯಂತೆ ಒಬ್ಬೊಬ್ಬರು ಎತ್ತುತ್ತಾರೆ, ಬಡ್ಡಿ ಇಲ್ಲ. ವ್ಯತ್ಯಾಸ ಏನೆಂದರೆ ನೀವು ಕಟ್ಟಿದ ಪ್ರತಿ ಕಂತು ಕ್ರೆಡಿಟ್ ಬ್ಯೂರೋಗೆ ವರದಿಯಾಗುತ್ತದೆ. ಮನೆಮಂದಿಯ ನಡುವಿನ ಚೀಟಿಯಿಂದ ಕ್ರೆಡಿಟ್ ಸ್ಕೋರ್ ಬೆಳೆಯುವುದಿಲ್ಲ, ಇದರಿಂದ ಬೆಳೆಯುತ್ತದೆ.

ಐದನೆಯದು: ಬ್ಯಾಂಕ್ ಮತ್ತು ಎಸ್‌ಬಿಎ ಗ್ಯಾರಂಟಿ

ಒಂದು ಸಣ್ಣ ಸಾಲ ಸರಿಯಾಗಿ ತೀರಿಸಿ, ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ ಬ್ಯಾಂಕಿಗೆ ಹೋಗುವ ಸಮಯ ಬಂತು. ಎಸ್‌ಬಿಎಯ ಮುಖ್ಯ ಯೋಜನೆ 7(ಎ). ಗರಿಷ್ಠ 50 ಲಕ್ಷ ಡಾಲರ್. ಸಾಲ ಕೊಡುವುದು ಬ್ಯಾಂಕೇ. ನೀವು ಕಟ್ಟದೆ ಹೋದರೆ ಬ್ಯಾಂಕಿನ ನಷ್ಟದಲ್ಲಿ ಬಹುಪಾಲು ಎಸ್‌ಬಿಎ ಭರಿಸುತ್ತದೆ. ಸಾಮಾನ್ಯ 7(ಎ) ಸಾಲಗಳಲ್ಲಿ 1,50,000 ಡಾಲರ್ ತನಕ ಶೇಕಡಾ 85, ಅದಕ್ಕೆ ಮೇಲೆ ಶೇಕಡಾ 75. ಈ ಗ್ಯಾರಂಟಿ ಬ್ಯಾಂಕಿಗೆ ಇರುವ ರಕ್ಷಣೆ, ನಿಮಗಲ್ಲ. ಶೇಕಡಾ 20 ಅಥವಾ ಹೆಚ್ಚು ಪಾಲಿರುವ ಪ್ರತಿ ಮಾಲೀಕರೂ ವೈಯಕ್ತಿಕ ಗ್ಯಾರಂಟಿಗೆ ಸಹಿ ಹಾಕಬೇಕು. ಎಲ್‌ಎಲ್‌ಸಿ ಇದ್ದರೂ ಈ ಸಹಿ ಬಿದ್ದ ಮೇಲೆ ಸಾಲ ನಿಮ್ಮ ತಲೆಯ ಮೇಲೆಯೇ. ಇದನ್ನು ಅರ್ಥ ಮಾಡಿಕೊಂಡು ಸಹಿ ಹಾಕಿ.

ಕಟ್ಟಡ, ದೊಡ್ಡ ಯಂತ್ರ ಕೊಳ್ಳುವವರಿಗೆ 504 ಎನ್ನುವ ಬೇರೆ ಯೋಜನೆಯಿದೆ. ಸಾಮಾನ್ಯವಾಗಿ ಶೇಕಡಾ 10 ನೀವು ಹಾಕಿದರೆ ಸಾಕು.

ಯಾವ ಬ್ಯಾಂಕ್ ಎನ್ನುವುದಕ್ಕೆ ಎಸ್‌ಬಿಎಯ ಲೆಂಡರ್ ಮ್ಯಾಚ್ ಎನ್ನುವ ಪುಕ್ಕಟೆ ಸೌಲಭ್ಯ ಬಳಸಿ. ನಿಮ್ಮ ವಿವರ ತುಂಬಿದರೆ ಆಸಕ್ತಿಯಿರುವ ಬ್ಯಾಂಕುಗಳು, ಸಿಡಿಎಫ್‌ಐಗಳು ನಿಮ್ಮನ್ನು ಸಂಪರ್ಕಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಊರಿನ ಚಿಕ್ಕ ಬ್ಯಾಂಕು ಅಥವಾ ಕ್ರೆಡಿಟ್ ಯೂನಿಯನ್‌ನಲ್ಲಿ ಖಾತೆ ತೆರೆದು, ಸಾಲ ಬೇಕಾಗುವ ಮುಂಚೆಯೇ ಅಲ್ಲಿಯ ಅಧಿಕಾರಿಯನ್ನು ಪರಿಚಯ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಈಗ ಹೆಣ್ಣುಮಕ್ಕಳು ಚೆನ್ನಾಗಿ ನೆನಪಿಡಬೇಕಾದ ಒಂದು ಕಾನೂನು. ಈಕ್ವಲ್ ಕ್ರೆಡಿಟ್ ಆಪರ್ಚುನಿಟಿ ಆಕ್ಟ್, 1974ರದ್ದು. ಹೆಣ್ಣು ಎಂದು, ಮದುವೆಯಾಗಿದೆ ಅಥವಾ ಆಗಿಲ್ಲ ಎಂದು ಸಾಲ ನಿರಾಕರಿಸುವಂತಿಲ್ಲ. 1976ರ ತಿದ್ದುಪಡಿಯಿಂದ ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶದ ಕಾರಣಗಳೂ ಸೇರಿದವು. ಉದ್ಯಮದ ಸಾಲಕ್ಕೂ ಇದು ಅನ್ವಯಿಸುತ್ತದೆ. ನಿಮ್ಮ ಸ್ವಂತ ಅರ್ಹತೆಯ ಮೇಲೆ ಸಾಲ ಸಿಗುವಂತಿದ್ದರೆ "ಯಜಮಾನರನ್ನೂ ಕರೆದುಕೊಂಡು ಬನ್ನಿ, ಸಹಿ ಬೇಕು" ಎಂದು ಬ್ಯಾಂಕ್ ಹೇಳುವಂತಿಲ್ಲ. ಗಂಡ ಉದ್ಯಮದ ಪಾಲುದಾರನಾಗಿದ್ದರೆ, ಜಂಟಿ ಹೆಸರಿನ ಆಸ್ತಿಯನ್ನು ಅಡವಿಡುತ್ತಿದ್ದರೆ ಮಾತು ಬೇರೆ. ಗಂಡ-ಹೆಂಡಿರ ಗಳಿಕೆಯನ್ನು ಇಬ್ಬರ ಆಸ್ತಿಯಾಗಿ ನೋಡುವ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ರಾಜ್ಯಗಳಲ್ಲಿಯೂ ಕೆಲವು ಕಾಗದಗಳಿಗೆ ಸಹಿ ಕೇಳಬಹುದು. ಉಳಿದ ಕಡೆ ಸುಮ್ನೆ ರೂಢಿಗೆ ಕೇಳಿದರೆ "ಯಾವ ಕಾರಣಕ್ಕೆ ಬೇಕು, ಬರೆದು ಕೊಡಿ" ಅನ್ನಿ. ದನಿ ಏರಿಸಬೇಕಾಗಿಲ್ಲ.

ಆರನೆಯದು: ಸರ್ಟಿಫಿಕೇಟ್ ಹಣ ತರುವುದಿಲ್ಲ, ಗಿರಾಕಿ ತರುತ್ತದೆ

ಮಹಿಳಾ ಉದ್ಯಮ, ಮೈನಾರಿಟಿ ಉದ್ಯಮ ಎಂಬ ಸರ್ಟಿಫಿಕೇಟ್ ಸಿಕ್ಕಿದ ಕೂಡಲೇ ಸಾಲ ಸಲೀಸು ಎಂಬ ಭಾವನೆ ಇದೆ. ಹಾಗಿಲ್ಲ. ಅದು ಗುತ್ತಿಗೆಗೆ ದಾರಿ. ಫೆಡರಲ್ ಸರ್ಕಾರ ತನ್ನ ಖರೀದಿಯ ಕನಿಷ್ಠ ಶೇಕಡಾ 5ನ್ನು ಮಹಿಳಾ ಮಾಲೀಕತ್ವದ ಸಣ್ಣ ಉದ್ಯಮಗಳಿಗೆ ಕೊಡುವ ಗುರಿ ಇಟ್ಟುಕೊಂಡಿದೆ. ಡಬ್ಲ್ಯುಓಎಸ್‌ಬಿ ಎನ್ನುವ ಆ ಮಾನ್ಯತೆಯನ್ನು ಎಸ್‌ಬಿಎ ಪುಕ್ಕಟೆ ಕೊಡುತ್ತದೆ. ಕಂಪನಿಯ ಶೇಕಡಾ 51 ಪಾಲು ಅಮೆರಿಕದ ನಾಗರಿಕರಾದ ಮಹಿಳೆಯರದ್ದಾಗಿರಬೇಕು, ನಿಯಂತ್ರಣವೂ ಅವರದ್ದೇ ಆಗಿರಬೇಕು. ಆರ್ಥಿಕವಾಗಿ ಹಿಂದುಳಿದವರೆಂಬ ಉಪವರ್ಗಕ್ಕೆ ನಿವ್ವಳ ಆಸ್ತಿ 8,50,000 ಡಾಲರ್‌ಗಿಂತ ಕಡಿಮೆ ಇರಬೇಕು. ಸ್ವಂತ ಮನೆಯ ಮೌಲ್ಯ ಇದರಲ್ಲಿ ಸೇರುವುದಿಲ್ಲ.

ಖಾಸಗಿ ಕಂಪನಿಗಳ ಬಾಗಿಲು ಬೇರೆ. ದೊಡ್ಡ ಕಂಪನಿಗಳು ಮಹಿಳಾ ಪೂರೈಕೆದಾರರನ್ನು ಹುಡುಕುವುದು ಹೆಚ್ಚಾಗಿ ಡಬ್ಲ್ಯುಬೆಂಕ್ ಎನ್ನುವ ಖಾಸಗಿ ಸಂಸ್ಥೆಯ ಮಾನ್ಯತೆ ನೋಡಿ. ಅಲ್ಪಸಂಖ್ಯಾತ ಪೂರೈಕೆದಾರರಿಗೆ ಅಂಥದ್ದೇ ಸಂಸ್ಥೆ ಎನ್‌ಎಂಎಸ್‌ಡಿಸಿ. ಭಾರತ ಮೂಲದವರು ಎನ್‌ಎಂಎಸ್‌ಡಿಸಿಯ ಪಟ್ಟಿಯಲ್ಲಿ ಬರುತ್ತಾರೆ. ಇವೆರಡಕ್ಕೂ ಶುಲ್ಕವಿದೆ. ನಿಮ್ಮ ಗಿರಾಕಿಗಳು ಮನೆಮಂದಿ, ಮಕ್ಕಳು, ಅಕ್ಕಪಕ್ಕದವರು ಆಗಿದ್ದರೆ ಈ ಸರ್ಟಿಫಿಕೇಟಿನಿಂದ ಲಾಭವಿಲ್ಲ. ಐಟಿ ಸೇವೆ, ಮುದ್ರಣ, ಕೇಟರಿಂಗ್, ಶುಚಿ ಕೆಲಸ, ಸಿಬ್ಬಂದಿ ಪೂರೈಕೆ ಇಂಥದ್ದನ್ನು ಕಂಪನಿಗಳಿಗೆ ಮಾರುವವರಿಗೆ ಪ್ರಯೋಜನವಿದೆ. ರಾಜ್ಯ ಮತ್ತು ನಗರಗಳದ್ದು ಇನ್ನೊಂದು ಲೋಕ. ನ್ಯೂಯಾರ್ಕ್ ರಾಜ್ಯ ತನ್ನ ಗುತ್ತಿಗೆಗಳಲ್ಲಿ ಶೇಕಡಾ 30 ಪಾಲನ್ನು ಮಹಿಳಾ ಮತ್ತು ಅಲ್ಪಸಂಖ್ಯಾತ ಉದ್ಯಮಗಳಿಗೆ ಕೊಡುವ ಗುರಿ ಹೊಂದಿದೆ. ಗುತ್ತಿಗೆ ಕೈಯಲ್ಲಿದ್ದರೆ ಅದನ್ನು ತೋರಿಸಿ ಸಾಲ ಕೇಳುವುದು ಎಷ್ಟೋ ಸುಲಭ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಗಂಡ ನಡೆಸುವ ಕಂಪನಿಯನ್ನು ಹೆಂಡತಿಯ ಹೆಸರಿಗೆ ಬರೆದು ಈ ಮಾನ್ಯತೆ ಪಡೆಯುವ ಸಲಹೆ ನಮ್ಮವರ ನಡುವೆ ಓಡಾಡುತ್ತದೆ. ಮಾಡಬೇಡಿ. ದಿನದ ನಿರ್ಧಾರ ಯಾರದ್ದು, ಚೆಕ್ಕಿಗೆ ಸಹಿ ಯಾರದ್ದು, ಬಂಡವಾಳ ಯಾರು ಹಾಕಿದರು, ಆ ಕೆಲಸದ ಅನುಭವ ಯಾರಿಗಿದೆ ಎಂದೆಲ್ಲ ಅವರು ಕೆದಕಿ ನೋಡುತ್ತಾರೆ. ಸುಳ್ಳು ಹೇಳಿ ಫೆಡರಲ್ ಗುತ್ತಿಗೆ ಪಡೆಯುವುದು ಅಪರಾಧ. ಇದರಿಂದ ನಿಜವಾಗಿ ಕಂಪನಿ ಕಟ್ಟಿದ ಹೆಣ್ಣುಮಕ್ಕಳ ಮೇಲೂ ಅನುಮಾನ ಬರುತ್ತದೆ.

ಜನಾಂಗದ ಆಧಾರದ ಯೋಜನೆಗಳು ಈಚೆಗೆ ಕೋರ್ಟುಗಳಲ್ಲಿ ಅಲುಗಾಡಿವೆ. ಹಿಂದುಳಿದವರ ಉದ್ಯಮಗಳಿಗೆ ಫೆಡರಲ್ ಗುತ್ತಿಗೆ ಸಿಗಲು ನೆರವಾಗುವ ಎಸ್‌ಬಿಎಯ 8(ಎ) ಯೋಜನೆಯಲ್ಲಿ ಕೆಲವು ಸಮುದಾಯದವರು ಸಾಮಾಜಿಕವಾಗಿ ಹಿಂದುಳಿದವರು ಎಂದು ತಾನಾಗಿಯೇ ಭಾವಿಸಲಾಗುತ್ತಿತ್ತು. ಭಾರತ ಮೂಲದವರೂ ಅದರಲ್ಲಿದ್ದರು. 2023ರಲ್ಲಿ ಟೆನೆಸಿಯ ಫೆಡರಲ್ ಕೋರ್ಟು ಅದನ್ನು ತಡೆಯಿತು. ಆಮೇಲೆ ಪ್ರತಿಯೊಬ್ಬರೂ ತಾವು ಎದುರಿಸಿದ ತಾರತಮ್ಯವನ್ನು ಬರೆದು ತೋರಿಸಬೇಕಾಯಿತು. ಅಲ್ಪಸಂಖ್ಯಾತ ಉದ್ಯಮಗಳಿಗೆಂದು 1969ರಲ್ಲಿ ಶುರುವಾದ ಎಂಬಿಡಿಎ ಸಂಸ್ಥೆ ಜನಾಂಗ ನೋಡಿ ನೆರವು ಕೊಡುವಂತಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟು ಹೇಳಿತು. ಕಪ್ಪು ಮಹಿಳೆಯರಿಗೆ 20,000 ಡಾಲರ್ ಗ್ರಾಂಟ್ ಕೊಡುತ್ತಿದ್ದ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಮೊಕದ್ದಮೆಯ ನಂತರ ಅದೇ ವರ್ಷ ಆ ಗ್ರಾಂಟನ್ನು ಮುಚ್ಚಿತು. ಹೀಗಾಗಿ ಹಳೆಯ ಪಟ್ಟಿಗಳನ್ನು ನಂಬಿ ಅರ್ಜಿಗೆ ಕೂರಬೇಡಿ. ಯೋಜನೆ ಈಗಲೂ ಇದೆಯೇ, ಯಾರಿಗೆ ಎಂದು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ. ಕಡಿಮೆ ಆದಾಯದ ಪ್ರದೇಶ, ಉದ್ಯಮದ ಗಾತ್ರ ಇವುಗಳ ಆಧಾರದ ಯೋಜನೆಗಳಿಗೆ ಈ ತೊಡಕಿಲ್ಲ. ಸಿಡಿಎಫ್‌ಐಗಳನ್ನು ನಾನು ಬ್ಯಾಂಕಿಗಿಂತ ಮೊದಲು ಇಟ್ಟದ್ದಕ್ಕೆ ಇದೂ ಒಂದು ಕಾರಣ.

ಗ್ರಾಂಟ್

ಖಾಸಗಿ ಗ್ರಾಂಟುಗಳಿವೆ, ಪೈಪೋಟಿ ವಿಪರೀತ. ಮಹಿಳೆಯರಿಗೆ 1998ರಿಂದ ಇರುವ ಆಂಬರ್ ಗ್ರಾಂಟ್ ತಿಂಗಳಿಗೆ 10,000 ಡಾಲರ್ ಕೊಡುತ್ತದೆ. ಅರ್ಜಿಗೆ ಸಣ್ಣ ಶುಲ್ಕವಿದೆ. ಸಾಮಾಜಿಕ ಅಥವಾ ಪರಿಸರದ ಉದ್ದೇಶವಿರುವ ಉದ್ಯಮ ನಡೆಸುವವರು 2006ರಿಂದ ನಡೆಯುತ್ತಿರುವ ಕಾರ್ಟಿಯರ್ ವಿಮೆನ್ಸ್ ಇನಿಷಿಯೇಟಿವ್ ನೋಡಬಹುದು. ಒಂದು ಒಳ್ಳೆಯ ಅರ್ಜಿ ಬರೆದಿಟ್ಟುಕೊಂಡು ಅದನ್ನೇ ತಿದ್ದಿ ಬಳಸಿ. ವಾರದಲ್ಲಿ ಇಂತಿಷ್ಟು ಹೊತ್ತು ಎಂದು ಮಿತಿ ಹಾಕಿಕೊಳ್ಳಿ, ಇಲ್ಲದಿದ್ದರೆ ವ್ಯಾಪಾರ ಮಾಡುವ ಸಮಯವನ್ನು ಅರ್ಜಿಗಳು ತಿಂದುಬಿಡುತ್ತವೆ. ಗ್ರಾಂಟ್ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ಇದೆ. "ನಿಮಗೆ ಸರ್ಕಾರಿ ಗ್ರಾಂಟ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀಸು ಕಳಿಸಿ" ಎಂದು ಫೋನ್ ಬಂದರೆ ಅದು ಮೋಸ.

ವೆಂಚರ್ ಕ್ಯಾಪಿಟಲ್, ಅಂದರೆ ಕಂಪನಿಯಲ್ಲಿ ಪಾಲು ತೆಗೆದುಕೊಂಡು ಹೂಡಿಕೆದಾರರು ಹಾಕುವ ಹಣ, ಇದರ ಬಗ್ಗೆ ಒಂದೇ ಮಾತು. ಮಹಿಳೆಯರೇ ಸ್ಥಾಪಿಸಿದ ಕಂಪನಿಗಳಿಗೆ ಸಿಗುವ ಪಾಲು ವರ್ಷಗಳಿಂದ ಶೇಕಡಾ 2ರ ಆಸುಪಾಸಿನಲ್ಲೇ ಇದೆ. ಸಣ್ಣ ಉದ್ಯಮಕ್ಕೆ ಅದು ದಾರಿಯಲ್ಲ.

ಊರಿನಿಂದ ಬರುವ ಹಣ, ಮತ್ತು ಮುಟ್ಟಬಾರದ ಹಣ

ಊರಿನಿಂದ ಅಪ್ಪ-ಅಮ್ಮ ಕಳಿಸುವ ಹಣವೂ ಬಂಡವಾಳವೇ. ಭಾರತದಿಂದ ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು. ಇಲ್ಲಿ, ವಿದೇಶದಲ್ಲಿರುವವರಿಂದ ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ಉಡುಗೊರೆ ಬಂದರೆ ಐಆರ್‌ಎಸ್‌ಗೆ ಫಾರ್ಮ್ 3520 ಕೊಡಬೇಕು. ತೆರಿಗೆ ಬೀಳದಿದ್ದರೂ ಫಾರ್ಮ್ ಕೊಡದಿದ್ದರೆ ದಂಡ ದೊಡ್ಡದು. ನೆಂಟರಿಂದ ಸಾಲವಾಗಿ ತೆಗೆದುಕೊಂಡರೆ ಬರೆದಿಡಿ. ಮನಸ್ತಾಪ ಹುಟ್ಟುವುದು ಬರೆಯದ ಮಾತಿನಿಂದಲೇ.

ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್ ಎನ್ನುವುದರಿಂದ ಮಾತ್ರ ದೂರವಿರಿ. ಒಂದೇ ದಿನದಲ್ಲಿ ಹಣ, ಕ್ರೆಡಿಟ್ ಸ್ಕೋರ್ ಬೇಡ ಎನ್ನುತ್ತಾರೆ. ಬಡ್ಡಿ ಹೇಳುವುದಿಲ್ಲ, ಫ್ಯಾಕ್ಟರ್ ರೇಟ್ 1.3 ಎನ್ನುತ್ತಾರೆ. 50,000 ಡಾಲರ್ ತೆಗೆದುಕೊಂಡರೆ 65,000 ವಾಪಸ್. ಶೇಕಡಾ 30 ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಅದು ಆರು ತಿಂಗಳಲ್ಲಿ, ಪ್ರತಿದಿನ ನಿಮ್ಮ ಖಾತೆಯಿಂದ ಎಳೆದುಕೊಳ್ಳುವ ಹಣ. ವಾರ್ಷಿಕ ದರಕ್ಕೆ ಲೆಕ್ಕ ಹಾಕಿದರೆ ಶೇಕಡಾ 100 ದಾಟುತ್ತದೆ. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು ಎಂದು ಒಳ್ಳೆಯ ಅಂಗಡಿಗಳು ಹೀಗೆಯೇ ಮುಚ್ಚುತ್ತವೆ. ಯಾರೇ ಹಣ ಕೊಡಲು ಬಂದರೂ "ಎಪಿಆರ್, ಅಂದರೆ ವಾರ್ಷಿಕ ದರ, ಎಷ್ಟು?" ಎಂದು ಕೇಳಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಹೆಚ್ಚಿನ ಸಣ್ಣ ಮೊತ್ತದ ಕೊಡುಗೆಗಳಿಗೆ ಅದನ್ನು ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಈಗಾಗಲೇ ಸಿಕ್ಕಿಕೊಂಡಿದ್ದರೆ ನಾಚಿಕೊಳ್ಳದೆ ಹತ್ತಿರದ ಸಿಡಿಎಫ್‌ಐಗೆ ಹೋಗಿ. ಇಂಥ ಸಾಲವನ್ನು ಕಡಿಮೆ ಬಡ್ಡಿಗೆ ಬದಲಿಸಿಕೊಡುವವರು ಅವರಲ್ಲಿದ್ದಾರೆ.

ಇಲ್ಲ ಅಂದರೆ

ಅರ್ಜಿ ತಿರಸ್ಕಾರವಾದರೆ ಫೈಲ್ ಮುಚ್ಚಿಡಬೇಡಿ. ಆಗಲೇ ಹೇಳಿದ 1974ರ ಕಾನೂನು ಇಲ್ಲಿಯೂ ಕೈಹಿಡಿಯುತ್ತದೆ. ವರ್ಷದ ವಹಿವಾಟು 10 ಲಕ್ಷ ಡಾಲರ್ ಅಥವಾ ಕಡಿಮೆ ಇರುವ ಉದ್ಯಮಕ್ಕೆ, ಪೂರ್ತಿ ಅರ್ಜಿ ಕೈಸೇರಿದ 30 ದಿನದೊಳಗೆ ತೀರ್ಮಾನ ತಿಳಿಸಬೇಕು. ಕಾರಣ ಹೇಳಿರದಿದ್ದರೆ 60 ದಿನದೊಳಗೆ ನೀವು ಕೇಳಬಹುದು, ಅವರು ಬರಹದಲ್ಲಿ ಕೊಡಬೇಕು. ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಇಮೇಲ್ ಅಥವಾ ಪತ್ರ ಕಳಿಸಿ. ಆ ಕಾರಣದ ಕಾಗದವನ್ನು ಹಿಡಿದು ನಿಮ್ಮ ಸಲಹೆಗಾರರ ಮುಂದೆ ಕೂರಿ. ಕ್ರೆಡಿಟ್ ಹಿಸ್ಟರಿ ಸಾಲದು ಅಂದರೆ ಲೆಂಡಿಂಗ್ ಸರ್ಕಲ್ ಅಥವಾ ಕೀವಾ. ಆದಾಯ ಸಾಲದು ಅಂದರೆ ಚಿಕ್ಕ ಮೊತ್ತ, ಅಥವಾ ಇನ್ನೊಂದು ವರ್ಷದ ಲೆಕ್ಕ. ಅಡಮಾನವಿಲ್ಲ ಅಂದರೆ ಎಸ್‌ಬಿಎ ಗ್ಯಾರಂಟಿ ಇರುವ ಬ್ಯಾಂಕ್ ಅಥವಾ ಸಿಡಿಎಫ್‌ಐ. ಸರಿಮಾಡಿದ್ದನ್ನು ಒಂದು ಪುಟದಲ್ಲಿ ಬರೆದು, ಅದನ್ನು ಹೊಸ ಅರ್ಜಿಯ ಮೇಲೆಯೇ ಲಗತ್ತಿಸಿ ಕಳಿಸಿ.